ಅತಿಭಾರವೆಂಬ ಅತಿಚಾರ

ಭಗವಾನ್ ಮಹಾವೀರರ ನಿರ್ವಾಣೋತ್ಸವವಾದ ದೀಪಾವಳಿ ಕಳೆಯಿತೆಂದರೆ ಮುನಿಸಂಘಗಳ ಚಾತುರ್ಮಾಸ ಮುಗಿಯುತ್ತದೆ. ಮಳೆಗಾಲದ ಉದ್ದಕ್ಕೂ ಒಂದೇ ಊರಿನಲ್ಲಿ ನಿಂತಿದ್ದ ಪಾದಗಳು ಮತ್ತೆ ವಿಹಾರಕ್ಕೆ ಹೊರಡುತ್ತವೆ. ಕಲಬುರಗಿ ಸೀಮೆಯಲ್ಲಿ ಅದು ಎರೆಭೂಮಿಯ ಕೆಸರು ಆರುವ ಕಾಲ, ತೊಗರಿ ಕಾಯಿಗಟ್ಟುವ ಕಾಲ. ತರುಣರು ಮೋಟಾರ್ ಸೈಕಲ್ ಏರಿ ನಾಲ್ಕಾರು ದಿನಗಳ ಪ್ರವಾಸ ಕೈಗೊಳ್ಳುವುದೂ ಆಗಲೇ. ಮುನಿಯ ಕೈಯಲ್ಲಿ ಇರುವುದು ಪಿಂಛಿ ಮತ್ತು ಕಮಂಡಲು. ಸವಾರನ ವಾಹನದ ಎಡಬಲಕ್ಕೆ ಪೆಟ್ಟಿಗೆಗಳು, ಹಿಂದೆ ಒಂದು ಚೀಲ, ಆ ಚೀಲದ ಮೇಲೆ ಇನ್ನೊಂದು, ಎಲ್ಲವನ್ನೂ ಬಿಗಿದ ಹಗ್ಗ. ರಸ್ತೆ ಒಂದೇ, ಹೊರೆ ಮಾತ್ರ ಬೇರೆ.

ಗೃಹಸ್ಥನು ಮುನಿಯಲ್ಲ. ಅವನಿಂದ ಸರ್ವಸಂಗ ಪರಿತ್ಯಾಗವನ್ನು ಜಿನಧರ್ಮ ಕೇಳುವುದೂ ಇಲ್ಲ. ಅದು ಶ್ರಾವಕನಿಂದ ಅಪೇಕ್ಷಿಸುವುದು ಪರಿಮಾಣವನ್ನು. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯಗಳ ಜೊತೆಗೆ ಐದನೆಯ ಅಣುವ್ರತವಾಗಿ ನಿಂತಿರುವ ಪರಿಗ್ರಹ ಪರಿಮಾಣದ ತಿರುಳು ಇಷ್ಟೇ: ಎಷ್ಟು ಸಾಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು, ನಿಶ್ಚಯಿಸಿದ ಎಲ್ಲೆಯನ್ನು ಮೀರಬಾರದು. ಮನೆ, ಹೊಲ, ಧನ, ಧಾನ್ಯಗಳಿಗೆ ಅನ್ವಯಿಸುವ ಈ ಅಳತೆ ಪ್ರಯಾಣದ ಚೀಲಕ್ಕೂ ಅನ್ವಯಿಸುತ್ತದೆ. ವ್ರತದ ಮಾತು ಮನೆಯೊಳಗೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಕಪಾಟಿನ ಬಾಗಿಲು ಎಲ್ಲವನ್ನೂ ಮುಚ್ಚಿಡುತ್ತದೆ. ಎರಡು ಗಾಲಿಯ ವಾಹನದಲ್ಲಿ ಮುಚ್ಚಿಡುವ ಅವಕಾಶವಿಲ್ಲ. ಹೆಚ್ಚಾದ ಪ್ರತಿಯೊಂದು ಸೇರು ತೂಕವೂ ಹಿಡಿಕೆಯಲ್ಲಿ, ಬ್ರೇಕಿನಲ್ಲಿ, ಬೆನ್ನಿನಲ್ಲಿ ಮಾತಾಡುತ್ತದೆ.

ಐದು ದೋಷಗಳು

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತವನ್ನು ಸಡಿಲಗೊಳಿಸುವ ದೋಷಗಳನ್ನು ಗುರುತಿಸಿದ್ದಾರೆ. ಅವು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತುಗಳ ಮೇಲೆ ಸರಕು ಹೇರಿ ಊರೂರು ಸುತ್ತುತ್ತಿದ್ದ ವರ್ತಕರ ಲೋಕವನ್ನು ಎದುರಿಗಿಟ್ಟುಕೊಂಡು ಇವನ್ನು ವಿವರಿಸುವ ಪದ್ಧತಿಯಿದೆ. ಆಸ್ತಿಯ ವ್ರತದ ದೋಷಪಟ್ಟಿ ಆರಂಭವಾಗುವುದು ಪಯಣದಿಂದ, ಮುಗಿಯುವುದು ಹೊರೆಯಿಂದ. ಈ ಒಂದು ಸಂಗತಿಯನ್ನು ಪ್ರವಾಸಿಗನು ಗಮನಿಸಿದರೆ ಸಾಕು, ಶಾಸ್ತ್ರವು ತನ್ನನ್ನೇ ಕುರಿತು ನುಡಿಯುತ್ತಿದೆ ಎಂದು ಅವನಿಗೆ ಅನ್ನಿಸದೆ ಇರದು.

ಅತಿವಾಹನವೆಂದರೆ ಲಾಭದ ಆಸೆಯಿಂದ ಎತ್ತುಗಳನ್ನು ಅವುಗಳ ಶಕ್ತಿ ಮೀರಿ ದೂರಕ್ಕೆ ಅಟ್ಟುವುದು. ಇಂದಿನ ಸವಾರನು ಅಟ್ಟುವುದು ತನ್ನ ದೇಹವನ್ನೇ. ಕಲಬುರಗಿಯಿಂದ ಹೊರಟು ಆಳಂದ, ಅಫಜಲಪುರ, ಜೇವರ್ಗಿಗಳನ್ನು ಮುಟ್ಟಿ ಮರಳುವ ಸುತ್ತನ್ನು ಹಟ ಹಿಡಿದರೆ ಒಂದೇ ದಿನದಲ್ಲಿ ಮುಗಿಸಬಹುದು. ಆದರೆ ಈ ದಾರಿಯ ಸ್ವಾರಸ್ಯವಿರುವುದು ನೀರಿನ ಜಾಡಿನಲ್ಲಿ. ಆಳಂದ ತಾಲ್ಲೂಕಿನ ಕೊರಳ್ಳಿಯಲ್ಲಿ ಜಲಾಶಯವಾಗಿ ನಿಲ್ಲುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಮುಂದೆ ಜೇವರ್ಗಿ ಸೀಮೆಗೆ ಇಳಿಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ನಿಧಾನವಾಗಿ ಸಾಗಿದವನಿಗೆ ಈ ಸಂಬಂಧ ಕಾಣುತ್ತದೆ. ಓಡಿದವನಿಗೆ ಕಿಲೋಮೀಟರಿನ ಅಂಕಿ ಮಾತ್ರ ಉಳಿಯುತ್ತದೆ.

ಇಲ್ಲಿ ಶ್ರಾವಕನ ಇನ್ನೆರಡು ವ್ರತಗಳು ನೆರವಿಗೆ ಬರುತ್ತವೆ. ದಿಗ್ವ್ರತವು ದಿಕ್ಕುಗಳಿಗೆ ಎಲ್ಲೆ ಹಾಕುತ್ತದೆ. ದೇಶವ್ರತವು ಆ ಎಲ್ಲೆಯನ್ನು ನಿಯತ ಕಾಲಕ್ಕೆ ಇನ್ನಷ್ಟು ಕಿರಿದಾಗಿಸುತ್ತದೆ. ನದಿ, ಊರು, ಹೊಲ, ಕಾಡುಗಳಂಥ ಎಲ್ಲರೂ ಬಲ್ಲ ಗುರುತುಗಳಿಂದ ಈ ಎಲ್ಲೆಯನ್ನು ಹೇಳಿಕೊಳ್ಳುವುದು ರೂಢಿ. ‘ಇಂದು ಭೀಮೆಯನ್ನು ದಾಟೆನು, ಗಾಣಗಾಪುರದಲ್ಲಿಯೇ ತಂಗುವೆನು’ ಎಂದು ಬೆಳಿಗ್ಗೆಯೇ ನಿಶ್ಚಯಿಸಿದ ಸವಾರನು ಅರಿತೋ ಅರಿಯದೆಯೋ ಆ ವ್ರತದ ನೆರಳಿನಲ್ಲಿ ನಡೆಯುತ್ತಾನೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ರಾತ್ರಿಭೋಜನ ತ್ಯಾಗದ ನಿಯಮವಿದ್ದವನು ಸಹಜವಾಗಿಯೇ ಕತ್ತಲಾಗುವ ಮುನ್ನ ಊರು ಸೇರುತ್ತಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳಲ್ಲಿ ರಾತ್ರಿಯೂ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹಿಂದೀಪವಿಲ್ಲದ ಒಂದು ಟ್ರಾಲಿ ಎದುರಿಗೆ ಸಿಕ್ಕರೆ ಆ ನಿಯಮದ ಬೆಲೆ ಅರಿವಾಗುತ್ತದೆ.

ಎರಡನೆಯದು ಅತಿಸಂಗ್ರಹ. ವರ್ತಕನು ಮುಂದೆ ಬೆಲೆ ಏರೀತೆಂದು ಧಾನ್ಯವನ್ನು ಕೂಡಿಡುತ್ತಾನೆ. ಪ್ರವಾಸಿಗನು ಮುಂದೆ ಏನಾದೀತೋ ಎಂದು ಬಟ್ಟೆಯನ್ನು ಕೂಡಿಡುತ್ತಾನೆ. ಒಬ್ಬನನ್ನು ಆಡಿಸುವುದು ಆಸೆ, ಇನ್ನೊಬ್ಬನನ್ನು ಅಂಜಿಕೆ. ನಾಲ್ಕು ದಿನಕ್ಕೆ ಏಳು ಅಂಗಿ, ಎರಡು ಜೊತೆ ಪಾದರಕ್ಷೆ, ಒಡೆಯದ ತಿಂಡಿ ಡಬ್ಬಗಳು, ಒಮ್ಮೆಯೂ ತೆರೆಯದ ಪುಸ್ತಕ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಕೇಂದ್ರಗಳು. ಸಾಬೂನು, ಸಾಮಾನ್ಯ ಔಷಧ, ಪಂಕ್ಚರ್ ತಿದ್ದುವವನು, ಹೊಟ್ಟೆಗೆ ರೊಟ್ಟಿ ಇಲ್ಲೆಲ್ಲ ಸಿಗುತ್ತವೆ. ‘ಇದು ಮುಂದಿನ ಊರಿನ ಪೇಟೆಯಲ್ಲಿ ಸಿಗುವುದೇ?’ ಎಂಬ ಒಂದು ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಆ ವಸ್ತುವನ್ನು ಮನೆಯಲ್ಲೇ ಬಿಡಬಹುದು. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬುದು ತತ್ತ್ವಾರ್ಥಸೂತ್ರದ ಪ್ರಸಿದ್ಧ ಬೋಧೆ. ಎಲ್ಲವನ್ನೂ ಹೊತ್ತು ತಿರುಗುವವನು ದಾರಿಯಲ್ಲಿನ ಯಾರನ್ನೂ ನಂಬುವುದಿಲ್ಲ; ಯಾರ ಉಪಕಾರಕ್ಕೂ ತನ್ನಲ್ಲಿ ಎಡೆಯಿಡುವುದಿಲ್ಲ.

ಮೂರನೆಯ ವಿಸ್ಮಯವೆಂದರೆ ಪರರ ಲಾಭವನ್ನು ಕಂಡು ಬೆರಗಾಗಿ ಒಳಗೊಳಗೇ ಕುಗ್ಗುವುದು. ನಾಲ್ಕನೆಯ ಲೋಭವೆಂದರೆ ಸಾಕಷ್ಟು ದೊರೆತ ಮೇಲೂ ಇನ್ನಷ್ಟು ಬಯಸುವುದು. ಜೊತೆಗಾರನ ಹೊಸ ಪೆಟ್ಟಿಗೆ, ಮೊಬೈಲ್ ತೆರೆಯ ಮೇಲೆ ಕಂಡ ಅಪರಿಚಿತನ ದೀಪ, ಡೇರೆ, ಒಲೆ ಇವೆಲ್ಲ ಮೊದಲು ಬೆರಗನ್ನು, ಆಮೇಲೆ ಕೊರಗನ್ನು, ಕೊನೆಗೆ ಖರೀದಿಯನ್ನು ತರುತ್ತವೆ. ‘ಹಗುರ ಪ್ರವಾಸ’ಕ್ಕೆಂದೇ ದುಬಾರಿ ವಸ್ತುಗಳನ್ನು ಕೊಂಡು ರಾಶಿ ಹಾಕುವುದೂ ಲೋಭವೇ. ಚೀಲ ಹಗುರವಾಯಿತು, ಮನಸ್ಸು ಭಾರವಾಯಿತು ಎಂದರೆ ವ್ರತ ಸಾಧಿಸಿದ್ದೇನು? ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ‘ನನ್ನದು’ ಎಂದು ಅಂಟಿಕೊಳ್ಳುವ ಮಮತೆಯಲ್ಲಿ ಕಂಡದ್ದು ಇದಕ್ಕಾಗಿಯೇ.

ಯಂತ್ರಕ್ಕೆ ಜೀವವಿಲ್ಲ, ಆದರೂ

ಐದನೆಯದಾದ ಅತಿಭಾರ ಎರಡು ವ್ರತಗಳ ದೋಷವಾಗಿ ಕಾಣಿಸಿಕೊಳ್ಳುತ್ತದೆ. ತತ್ತ್ವಾರ್ಥಸೂತ್ರವು ಅತಿಭಾರಾರೋಪಣವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದರೆ, ಸಮಂತಭದ್ರರು ಅಲ್ಲಿಯೂ ಇರುವ ಆ ಮಾತನ್ನು ಪರಿಗ್ರಹದ ಪಟ್ಟಿಯಲ್ಲಿಯೂ ಸೇರಿಸಿದರು. ಹೆಚ್ಚು ಬೇಕೆಂಬ ಮನಸ್ಸು ಕೊನೆಗೆ ಯಾರದೋ ಹೆಗಲಿನ ಮೇಲೆ ಹೊರೆಯಾಗಿ ಇಳಿಯುತ್ತದೆ ಎಂಬ ಎಚ್ಚರಿಕೆ ಇದರಲ್ಲಿದೆ. ಕಾರಹುಣ್ಣಿಮೆಯಂದು ಎತ್ತಿನ ಮೈ ತೊಳೆದು ಸಿಂಗರಿಸುವ ಈ ನೆಲದ ರೈತನಿಗೆ ಆ ಹೆಗಲಿನ ನೋವು ತಿಳಿದದ್ದೇ.

ಯಂತ್ರಕ್ಕೆ ನೋವಿಲ್ಲವಲ್ಲ ಎಂದು ಸವಾರನು ಕೇಳಬಹುದು. ನಿಜ. ಆದರೆ ಹೊರೆ ಯಂತ್ರದಲ್ಲಿಯೇ ನಿಲ್ಲುವುದಿಲ್ಲ. ವಾಹನದ ಕೈಪಿಡಿಯಲ್ಲಿ ಅದು ಹೊರಬಹುದಾದ ಗರಿಷ್ಠ ತೂಕ ನಮೂದಾಗಿರುತ್ತದೆ; ಅದರಲ್ಲಿ ಸವಾರ, ಹಿಂಬದಿ ಸವಾರ, ಸಾಮಾನು ಎಲ್ಲವೂ ಸೇರಿರುತ್ತದೆ. ಆ ಮಿತಿ 180 ಕಿಲೋ ಎಂದಿಟ್ಟುಕೊಂಡರೆ, 75 ಕಿಲೋದ ಸವಾರ, 60 ಕಿಲೋದ ಜೊತೆಗಾರ, ಇಬ್ಬರ ಹೆಲ್ಮೆಟ್ಟು, ದಪ್ಪ ಉಡುಪುಗಳಿಗೆ 10 ಕಿಲೋ ಕಳೆದ ಮೇಲೆ ಉಳಿಯುವುದು 35 ಕಿಲೋ. ಪೆಟ್ಟಿಗೆಗಳ ಮತ್ತು ಅವನ್ನು ಹಿಡಿದ ಕಬ್ಬಿಣದ ಚೌಕಟ್ಟಿನ ತೂಕವೂ ಅದರೊಳಗೇ. ಈ ಲೆಕ್ಕ ಮೀರಿದಾಗ ಹಿಂಗಾಲಿ ಕುಗ್ಗುತ್ತದೆ, ಮುಂಗಾಲಿಯ ಹಿಡಿತ ಸಡಿಲವಾಗುತ್ತದೆ, ಬ್ರೇಕ್ ಒತ್ತಿದ ಮೇಲೂ ವಾಹನ ಇನ್ನಷ್ಟು ದೂರ ಓಡುತ್ತದೆ. ಆ ‘ಇನ್ನಷ್ಟು ದೂರ’ದಲ್ಲಿ ರಸ್ತೆ ದಾಟುವ ಕರು ಇರಬಹುದು, ಶಾಲೆ ಬಿಟ್ಟು ಮನೆಗೆ ಓಡುವ ಮಗುವಿರಬಹುದು. ಹಿಂಸೆಯ ಬೇರು ಪ್ರಮಾದ, ಎಂದರೆ ಎಚ್ಚರಗೇಡಿತನ ಎಂದು ಜೈನ ಸಿದ್ಧಾಂತ ಹೇಳುತ್ತದೆ. ಕೊಲ್ಲುವ ಸಂಕಲ್ಪ ಯಾವ ಸವಾರನಿಗೂ ಇರುವುದಿಲ್ಲ. ತೂಗದೆ ಹೊರಟ ಎಚ್ಚರಗೇಡಿತನ ಇರುತ್ತದೆ.

ಮುನಿಯ ಮೂರು ಉಪಕರಣಗಳು

ಹಾಗಾದರೆ ಏನನ್ನು ಒಯ್ಯಬೇಕು? ದಿಗಂಬರ ಮುನಿಯು ಇಟ್ಟುಕೊಳ್ಳುವ ಉಪಕರಣಗಳು ಮೂರು. ನವಿಲು ತಾನಾಗಿ ಉದುರಿಸಿದ ಗರಿಗಳ ಪಿಂಛಿ, ಕೂಡುವ ನೆಲದ ಸಣ್ಣ ಜೀವಿಗಳನ್ನು ಮೃದುವಾಗಿ ಸರಿಸುವುದಕ್ಕೆ. ಅದು ಸಂಯಮದ ಉಪಕರಣ. ನೀರಿನ ಕಮಂಡಲು ಶೌಚದ ಉಪಕರಣ. ಶಾಸ್ತ್ರಗ್ರಂಥ ಜ್ಞಾನದ ಉಪಕರಣ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಕೃಷಿಕ ಮನೆತನದಿಂದ ಬಂದ ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು (1872–1955) ಇಷ್ಟನ್ನೇ ಇಟ್ಟುಕೊಂಡು ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೆ, ದೆಹಲಿಯವರೆಗೆ ಕಾಲ್ನಡಿಗೆಯಲ್ಲಿ ವಿಹರಿಸಿದರು. ಅವರು ಸಲ್ಲೇಖನ ಕೈಗೊಂಡು ದೇಹ ತ್ಯಜಿಸಿದ ಕುಂಥಲಗಿರಿ ಇರುವುದು ಆಳಂದ ತಾಲ್ಲೂಕಿನ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿಯೇ.

ಶ್ರಾವಕನು ಆ ಚರ್ಯೆಯನ್ನು ಅನುಕರಿಸಲಾರ. ಆದರೆ ಅದರ ಹಿಂದಿನ ವಿವೇಕವನ್ನು ಎರವಲು ಪಡೆಯಬಹುದು. ಮುನಿಯ ಕೈಯಲ್ಲಿರುವುದೆಲ್ಲ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಉಳಿದುಕೊಂಡದ್ದು: ಇದು ಸಂಯಮಕ್ಕೋ, ಶೌಚಕ್ಕೋ, ಜ್ಞಾನಕ್ಕೋ? ಸವಾರನು ಹೊರಡುವ ಹಿಂದಿನ ದಿನ ತನ್ನ ಸಾಮಾನನ್ನೆಲ್ಲ ಒಂದು ಚಾದರದ ಮೇಲೆ ಹರವಿ ಇದೇ ಪ್ರಶ್ನೆ ಕೇಳಲಿ. ಹೆಲ್ಮೆಟ್ಟು, ಕೈಗವಸು, ಗಟ್ಟಿ ಬೂಟು, ಪಂಕ್ಚರ್ ಸಲಕರಣೆ, ಚೈನಿನ ಎಣ್ಣೆ, ಕೈದೀಪ ಇವು ತನಗೂ ಪರರಿಗೂ ಆಗುವ ಕೇಡನ್ನು ತಡೆಯುವ ವಸ್ತುಗಳು; ಇವುಗಳಲ್ಲಿ ಕಡಿತ ಸಲ್ಲದು. ಕುಡಿಯುವ ನೀರು, ನೀರು ಸೋಸುವ ಬಟ್ಟೆ, ನಿತ್ಯದ ಔಷಧ, ಗಾಯಕ್ಕೆ ಕಟ್ಟುವ ಪಟ್ಟಿ, ಉಟ್ಟದ್ದಲ್ಲದೆ ಎರಡು ಜೊತೆ ಬಟ್ಟೆ, ಚಳಿಗೊಂದು ಸ್ವೆಟರ್ ಶುಚಿ ಮತ್ತು ಆರೋಗ್ಯಕ್ಕೆ. ಈ ಸೀಮೆಯ ಒಣ ಹವೆಯಲ್ಲಿ ಸಂಜೆ ಒಗೆದ ತೆಳು ಅಂಗಿ ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಚಾಲನಾ ಪರವಾನಗಿ, ವಾಹನದ ಕಾಗದಪತ್ರ, ದಾರಿಯ ನಕ್ಷೆ, ಒಂದು ಕಿರು ಗ್ರಂಥ ಅರಿವಿಗೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಿದ್ದರೆ ಹಗುರವೂ ಹೌದು, ಕೆಡುವುದೂ ಇಲ್ಲ. ಮೂರರಲ್ಲಿ ಯಾವುದಕ್ಕೂ ಸೇರದೆ ಚಾದರದ ಮೇಲೆ ಉಳಿದದ್ದು ಅಂಜಿಕೆಯದೋ ಆಡಂಬರದ್ದೋ ಆಗಿರುತ್ತದೆ.

ಆಯ್ದ ವಸ್ತುಗಳನ್ನು ಇಡುವುದರಲ್ಲಿಯೂ ಎಚ್ಚರ ಬೇಕು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಆದಾನ ನಿಕ್ಷೇಪಣ ಸಮಿತಿ. ಭಾರದ್ದು ಕೆಳಗೆ, ವಾಹನದ ನಡುಮಧ್ಯಕ್ಕೆ ಹತ್ತಿರ, ಹಗುರವಾದದ್ದು ಮೇಲೆ, ಎಡಬಲ ಸಮತೂಕ, ಮಳೆಯಂಗಿ ಮತ್ತು ಔಷಧ ಕೈಗೆ ಸಿಗುವಂತೆ. ಚೀಲದಲ್ಲಿ ಒಂದು ಪಾಲು ಖಾಲಿ ಇರಲಿ. ಗಂಟು ಹೊತ್ತು ನಿಂತ ವೃದ್ಧೆಯ ಗಂಟನ್ನು ಮುಂದಿನ ಊರಿಗೆ ಮುಟ್ಟಿಸಲು ಜಾಗವಿಲ್ಲದ ವಾಹನ ಎಷ್ಟು ದೊಡ್ಡದಾದರೇನು? ಹಾಗೆಯೇ, ತನ್ನ ಚೀಲವನ್ನು ಹಗುರ ಮಾಡಿಕೊಂಡು ದಾರಿಯುದ್ದಕ್ಕೂ ಜೊತೆಗಾರನ ನೀರು, ಸಾಬೂನು, ಸಲಕರಣೆಗಳನ್ನು ಕೇಳುತ್ತ ಹೋಗುವುದು ಅಪರಿಗ್ರಹವಲ್ಲ. ಅದು ತನ್ನ ಹೊರೆಯನ್ನು ಇನ್ನೊಬ್ಬನ ಹೆಗಲಿಗೆ ವರ್ಗಾಯಿಸುವ ಜಾಣತನ, ಅತಿಭಾರಾರೋಪಣದ ಇನ್ನೊಂದು ರೂಪ.

ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿದರೆ ಜೇವರ್ಗಿಯಿಂದ ಕಲಬುರಗಿಯ ದಾರಿ ಹೆಚ್ಚು ಉಳಿದಿರುವುದಿಲ್ಲ. ಮನೆ ಸೇರಿದ ಸಂಜೆ ಸವಾರನಿಗೆ ಇನ್ನೊಂದು ಕೆಲಸವಿದೆ. ದಿನದ ದೋಷಗಳನ್ನು ಹಿಂದಿರುಗಿ ನೋಡಿ ತಿದ್ದಿಕೊಳ್ಳುವ ಪ್ರತಿಕ್ರಮಣದ ರೀತಿಯಲ್ಲಿ ಅವನು ಚೀಲವನ್ನು ಬಿಚ್ಚಬೇಕು. ಪಂಕ್ಚರ್ ಸಲಕರಣೆ, ಔಷಧಗಳನ್ನು ಬಳಸದೆ ಉಳಿದದ್ದು ಭಾಗ್ಯ. ಅವನ್ನು ಬಿಟ್ಟು ಬಳಸದೆ ಮರಳಿದ್ದೆಲ್ಲವನ್ನೂ ಒಂದೆಡೆ ಇಟ್ಟು ನೋಡಿದರೆ, ಯಾವ ಅಂಜಿಕೆಯನ್ನು ಅಷ್ಟು ದೂರ ಹೊತ್ತು ತಂದೆನೆಂಬುದು ಸ್ಪಷ್ಟವಾಗುತ್ತದೆ. ಮುಂದಿನ ಪ್ರವಾಸಕ್ಕೆ ಅದು ಮನೆಯಲ್ಲಿ ಉಳಿಯುತ್ತದೆ. ಆಮೇಲೆ ಒಂದು ದಿನ ಅದೇ ಕಣ್ಣು ಮನೆಯ ಕಪಾಟಿನತ್ತಲೂ ಹೊರಳುತ್ತದೆ. ಪರಿಗ್ರಹ ಪರಿಮಾಣ ವ್ರತವು ಶ್ರಾವಕನಿಂದ ಬಯಸುವುದು ಆ ನೋಟವನ್ನೇ.