ಸಭಾಸಮ್ಮತಿಯೂ ಸ್ವಂತಿಕೆಯೂ

ವಿದ್ವದ್ಗೋಷ್ಠಿಗಳಲ್ಲಿ ಹಿರಿಯರೊಬ್ಬರು ಮೊದಲು ನುಡಿದುದನ್ನೇ ಉಳಿದವರು ಶಬ್ದಾಂತರದಿಂದ ನುಡಿದು ಕುಳಿತುಕೊಳ್ಳುವುದುಂಟು. ಇದನ್ನು ಐಕಮತ್ಯವೆಂದು ಹೊಗಳುವವರೂ ಉಂಟು. ಆದರೆ ಬಹುಜನರ ಸಮ್ಮತಿಯು ಪ್ರಮಾಣವಾಗಬಲ್ಲುದೆ? ಹಾಗೆಯೇ, ಎಲ್ಲರಿಗಿಂತ ಬೇರೆಯಾಗಿ ನುಡಿದ ಮಾತ್ರಕ್ಕೆ ಅದು ಸ್ವಂತಿಕೆಯಾದೀತೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ಗೌತಮನ ನ್ಯಾಯಸೂತ್ರಗಳಲ್ಲಿ ಸಂವಾದವು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ನಿರೂಪಿತವಾಗಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದು ವಿತಂಡೆ. ವಾದದಲ್ಲಿ ಪಕ್ಷ ಪ್ರತಿಪಕ್ಷಗಳೆರಡೂ ಇರತಕ್ಕವು. ಆದಕಾರಣ ಎಲ್ಲರೂ ತಲೆದೂಗುವ ಸಭೆಯಲ್ಲಿ ನಡೆಯುವುದು ಈ ಮೂರರಲ್ಲಿ ಒಂದೂ ಅಲ್ಲ.

ಇದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಒಂದು ನಿದರ್ಶನವುಂಟು. ಪಾದಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕೆಂಬ ಪ್ರಾಸನಿಯಮವು ಶತಮಾನಗಳಿಂದ ಕನ್ನಡ ಪದ್ಯಕ್ಕೆ ಅನಿವಾರ್ಯವೆನಿಸಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಇದನ್ನು ಕೈಬಿಟ್ಟರು, ವಿವಾದವೆದ್ದಿತು. ಪ್ರಾಸವು ಪದ್ಯವನ್ನು ಕಿವಿಯಲ್ಲಿಯೂ ನೆನಪಿನಲ್ಲಿಯೂ ನಿಲ್ಲಿಸುವುದೆಂಬ ಪೂರ್ವಪಕ್ಷವು ತಳ್ಳತಕ್ಕದ್ದಲ್ಲ. ಆದರೆ ಆ ನಿಯಮವಿಲ್ಲದ ಕಾಳಿದಾಸನ ಶ್ಲೋಕಗಳನ್ನು ಬಾಯಿಪಾಠವಾಗಿ ಬಲ್ಲ ನಮ್ಮಂಥ ಪಂಡಿತರು ಪ್ರಾಸವಿಲ್ಲದೆ ಪದ್ಯವೇ ಇಲ್ಲವೆಂದರೆ, ಅದು ಯುಕ್ತಿಯಲ್ಲ, ಬರಿಯ ಅಭ್ಯಾಸ. ಇನ್ನೊಂದು ಮಾತು. ಪೈಗಳು ಹಳಗನ್ನಡವನ್ನು ಆಳವಾಗಿ ಬಲ್ಲವರು. ನಿಯಮದ ಬೆಲೆಯನ್ನರಿತೇ ಅದನ್ನು ಬಿಟ್ಟರು. ಮುಂದೆ ಪ್ರಾಸತ್ಯಾಗವೇ ವಾಡಿಕೆಯಾದ ಮೇಲೆ, ಪ್ರಾಸವೇನೆಂಬುದನ್ನೇ ಅರಿಯದೆ ಬಿಟ್ಟವನು ಗತಾನುಗತಿಕನೇ ಹೊರತು ಸ್ವತಂತ್ರನಲ್ಲ.

ಹೀಗಿರಲು ಗುರುವಾದವನ ಕರ್ತವ್ಯವೇನು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಚಿತ್ರದುರ್ಗದ ಸೀಮೆಯ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿದ ಪ್ರಾಚೀನಕಾವ್ಯಜ್ಞರು. ಮೈಸೂರಿನಲ್ಲಿ ಅವರ ಶಿಷ್ಯರಾಗಿದ್ದ ಕುವೆಂಪು ಅವರು, 1949ರಿಂದ ಪ್ರಕಟವಾದ ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ದಿವಂಗತರಾದ ಆ ಗುರುಗಳಿಗೇ ಅರ್ಪಿಸಿದರು. ಕಥೆ ವಾಲ್ಮೀಕಿಯದು, ಛಂದಸ್ಸು ಪ್ರಾಸಬಂಧವಿಲ್ಲದುದು, ದರ್ಶನ ಕವಿಯದು. ಕಾವ್ಯಗಳ ಸಾದೃಶ್ಯವು ಪ್ರತಿಬಿಂಬದಂತೆಯೂ ಚಿತ್ರದಂತೆಯೂ ಇದ್ದರೆ ತ್ಯಾಜ್ಯ, ಇಬ್ಬರು ಮನುಷ್ಯರ ದೇಹಸಾಮ್ಯದಂತಿದ್ದರೆ ಗ್ರಾಹ್ಯವೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ವಿವೇಚಿಸಿದುದಕ್ಕೆ ಇದು ಒಳ್ಳೆಯ ಲಕ್ಷ್ಯ. ಹಳೆಯದರಲ್ಲಿ ನುರಿತ ಗುರುವಿನ ಬಳಿಯಲ್ಲಿಯೇ ಹೊಸ ಛಂದಸ್ಸಿನ ಕವಿ ಬೆಳೆದನೆಂಬುದು ಇಲ್ಲಿ ಗಮನಾರ್ಹ.

ಆದಕಾರಣ ಅಧ್ಯಾಪಕರಾದ ನಾವು, ಶಿಷ್ಯನು ನಮ್ಮ ಅಭಿಪ್ರಾಯವನ್ನೊಪ್ಪಿದಾಗ ಕಾರಣವನ್ನು ಕೇಳಬೇಕು. ಒಪ್ಪದಿದ್ದಾಗಲೂ ಅದನ್ನೇ ಕೇಳಬೇಕು. ಕಾರಣವನ್ನು ಹೇಳಬಲ್ಲವನ ಸಮ್ಮತಿಯೂ ಸ್ವಂತದ್ದೇ. ಹೇಳಲಾರದವನ ವಿರೋಧವೂ ಎರವಿನದೇ.