ಭಜನೆ ಮಂದಿರದಿಂದ ಕೈವಾರಕ್ಕೆ: ಆಷಾಢದ 72 ಗಂಟೆ

ಗಾಯಕರ ಎದುರಿಗೇ ಕುಳಿತು ಕೇಳುವ ಪುಟ್ಟ ಕಛೇರಿಗಳತ್ತ ನಗರದ ಸಂಗೀತಾಸಕ್ತರ ಒಲವು ಹೆಚ್ಚುತ್ತಿದೆ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ, ಪಕ್ಕದ ಚಿಂತಾಮಣಿ ಸೀಮೆಗಳಿಗೆ ಈ ಆಪ್ತತೆ ಹೊಸದಲ್ಲ. ಇಲ್ಲಿ ಟಿಕೆಟ್ ಪಡೆದು ಹೋಗುವ ಸಭಾಗಳಿಲ್ಲ. ಹಳ್ಳಿಗಳ ಭಜನೆ ಮಂದಿರಗಳೇ ಸಂಗೀತಶಾಲೆಗಳು. ಈ ಪುಟ್ಟ ಮಂದಿರಗಳ ಗಾಯನಕ್ಕೆ ವರ್ಷಕ್ಕೊಮ್ಮೆ ದೊಡ್ಡ ವೇದಿಕೆ ದೊರೆಯುವುದು ಕೈವಾರದ ಗುರುಪೂರ್ಣಿಮೆ ಸಂಗೀತೋತ್ಸವದಲ್ಲಿ.

ಸಂಜೆ ರೇಷ್ಮೆ ಹುಳುವಿಗೆ ಸೊಪ್ಪು ಕೊಟ್ಟು ಬಂದವರು ಇಲ್ಲಿ ಹಾರ್ಮೋನಿಯಂ, ತಾಳ, ಮೃದಂಗಗಳೊಡನೆ ಕೂರುತ್ತಾರೆ. ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನೇ ಮರಳಿ ಹಾಡುತ್ತಾರೆ. ಹಾಡುವವರು ಯಾರು, ಕೇಳುವವರು ಯಾರು ಎಂಬ ಭೇದವೇ ಇಲ್ಲದಿರುವುದು ಈ ಕೂಟದ ಲಕ್ಷಣ. ಆಂಧ್ರದ ಗಡಿ ಹತ್ತಿರವಿರುವುದರಿಂದ ಒಂದೇ ರಾತ್ರಿಯಲ್ಲಿ ಕನ್ನಡ, ತೆಲುಗು ಎರಡೂ ಭಾಷೆಯ ಕೀರ್ತನೆಗಳು ಕೇಳಿಬರುತ್ತವೆ.

ಈ ಎರಡು ಭಾಷೆಗಳನ್ನು ಬೆಸೆದವರಲ್ಲಿ ಪ್ರಮುಖರು ಕೈವಾರದ ಯೋಗಿ ನಾರೇಯಣರು. ಜನರ ಬಾಯಲ್ಲಿ ಅವರು ಕೈವಾರ ತಾತಯ್ಯ. ಪರಂಪರೆಯ ಪ್ರಕಾರ ಅವರ ಜೀವಿತಕಾಲ 1726ರಿಂದ 1836. ಬಳೆ ವ್ಯಾಪಾರ ಮಾಡಿಕೊಂಡಿದ್ದ ಅವರು ಯೋಗಮಾರ್ಗ ಹಿಡಿದು, ಕೈವಾರದ ಅಮರನಾರಾಯಣ ಸ್ವಾಮಿಯನ್ನು ಅಂಕಿತವಾಗಿರಿಸಿ ಕನ್ನಡ ಹಾಗೂ ತೆಲುಗಿನಲ್ಲಿ ಕೀರ್ತನೆಗಳನ್ನು ರಚಿಸಿದರು. ಅವರ ಕಾಲಜ್ಞಾನವೂ ಪ್ರಸಿದ್ಧ.

ತಾತಯ್ಯನವರ ಸ್ಮರಣೆಯಲ್ಲಿ ಕೈವಾರದ ಮಠವು ಪ್ರತಿವರ್ಷ ಆಷಾಢ ಹುಣ್ಣಿಮೆಗೆ ಮುಗಿಯುವಂತೆ ಮೂರು ದಿನ, ಅಂದರೆ 72 ಗಂಟೆಗಳ ಕಾಲ ಅಖಂಡ ಸಂಗೀತವನ್ನು ಏರ್ಪಡಿಸುತ್ತದೆ. ಹುಣ್ಣಿಮೆ 2025ರಲ್ಲಿ ಜುಲೈ 10ರಂದು ಬಂದಿತ್ತು. ಅಧಿಕ ಮಾಸ ಸೇರುವುದರಿಂದ 2026ರ ಪಂಚಾಂಗದಲ್ಲಿ ಅದು ಜುಲೈ 29ಕ್ಕೆ ಸರಿದಿದೆ.

ಅಖಂಡವೆಂದರೆ ಹಗಲಿರುಳೂ ನಾದ ನಿಲ್ಲದಂತೆ ನೋಡಿಕೊಳ್ಳುವುದು. ಹೆಸರಾಂತ ಕೆಲವೇ ವಿದ್ವಾಂಸರಿಂದ ಇದು ಆಗದ ಮಾತು. ಹೀಗಾಗಿ ಶಾಸ್ತ್ರೀಯ ಗಾಯನ, ನಾದಸ್ವರ, ಹರಿಕಥೆಗಳ ಜತೆಗೆ ಹಳ್ಳಿಗಳ ಭಜನಾ ತಂಡಗಳಿಗೂ ಇಲ್ಲಿ ಸರದಿ ಸಿಗುತ್ತದೆ. ತನ್ನೂರಿನ ಮಂದಿರದಲ್ಲಿ ಹತ್ತಾರು ಜನರ ನಡುವೆ ಹಾಡುವ ರೈತ, ವಿದ್ವಾಂಸರು ಕುಳಿತ ವೇದಿಕೆಯಲ್ಲೇ ಕುಳಿತು ಹಾಡುತ್ತಾನೆ. ಸಣ್ಣ ಮಂದಿರಕ್ಕೂ ದೊಡ್ಡ ಉತ್ಸವಕ್ಕೂ ಇರುವ ನಂಟು ಇದೇ.

ಈ ನಂಟಿನ ಬೆಲೆ ಅರಿಯಲು ಒಂದು ಸಂಗತಿಯನ್ನು ಗಮನಿಸಬೇಕು. ಕೀರ್ತನೆಗಳ ಸಾಹಿತ್ಯ ಪುಸ್ತಕದಲ್ಲಿ ಉಳಿಯುತ್ತದೆ. ಅವುಗಳ ಧಾಟಿ ಹಾಡುವವರ ಕೊರಳಲ್ಲಿ ಮಾತ್ರ ಉಳಿಯುತ್ತದೆ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಊರಿಂದೂರಿಗೆ ಧಾಟಿ ಬದಲಾಗುವುದು ಸಹಜ. ದುಡಿಮೆಗಾಗಿ ಯುವಕರು ಬೆಂಗಳೂರಿಗೆ ಹೋದ ಹಳ್ಳಿಯಲ್ಲಿ ಹಿರಿಯರ ಗುಂಪು ಕರಗಿದರೆ ಆ ಊರಿನ ಧಾಟಿಯೂ ಅವರೊಂದಿಗೇ ಹೋಗುತ್ತದೆ. ವರ್ಷಕ್ಕೊಮ್ಮೆಯಾದರೂ ಹಾಡಲು ಕರೆ ಬರುತ್ತದೆ ಎಂಬ ಭರವಸೆಯಿದ್ದರೆ ತಂಡ ಕಲೆಯುತ್ತದೆ, ಅಭ್ಯಾಸ ಮಾಡುತ್ತದೆ, ಕಿರಿಯರಿಗೂ ತಾಳ ಕೊಟ್ಟು ಕೂರಿಸುತ್ತದೆ.

ಬೆಂಗಳೂರಿನಿಂದ ಕೈವಾರಕ್ಕೆ ಸುಮಾರು 75 ಕಿ.ಮೀ. ದೂರ. ಹೊಸಕೋಟೆ-ಚಿಂತಾಮಣಿ ರಸ್ತೆಯಲ್ಲಿ ಕೈವಾರ ಕ್ರಾಸ್‌ನಿಂದ ಒಳಗೆ ತಿರುಗಬೇಕು. ಮಠದ ಉತ್ಸವವಾದ್ದರಿಂದ ಟಿಕೆಟ್ ಇಲ್ಲ. ಪ್ರಸಿದ್ಧರ ಕಛೇರಿಯನ್ನಷ್ಟೇ ಕೇಳಿ ಹಿಂತಿರುಗದೆ, ಅಪರಾತ್ರಿಯವರೆಗೂ ಕುಳಿತರೆ ಹಳ್ಳಿಗಳ ತಂಡಗಳೂ ಕಿವಿಗೆ ಬೀಳಬಹುದು. ಅಂಥ ಹೊತ್ತಿನಲ್ಲಿ ಹಾಡುವವರಿಗೆ ಎದುರಿಗೆ ಕುಳಿತ ಹತ್ತು ಮಂದಿ ಕೇಳುಗರೇ ದೊಡ್ಡ ಸಭೆ.