ಹಿಮದ ಲೆಕ್ಕ ತಪ್ಪಿದರೆ ಸಟ್ಲೆಜ್‌ಗೆ ಸಂಕಷ್ಟ

ಪಂಜಾಬ್, ಹರಿಯಾಣ ಹಾಗೂ ರಾಜಸ್ಥಾನದ ಹೊಲಗಳಿಗೆ ನೀರುಣಿಸುವ ಭಾಕ್ರಾ ಜಲಾಶಯಕ್ಕೆ ಮುಂಗಾರಿನಷ್ಟೇ ಮುಖ್ಯವಾದುದು ಹಿಮಾಲಯದ ಹಿಮ. ಭಾಕ್ರಾ ತಲುಪುವ ಸಟ್ಲೆಜ್ ನದಿಯ ವಾರ್ಷಿಕ ಹರಿವಿನಲ್ಲಿ ಸುಮಾರು ಶೇ. 59ರಷ್ಟು ಹಿಮ ಹಾಗೂ ಹಿಮನದಿಗಳು ಕರಗಿ ಬರುವ ನೀರು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು.

ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಸ್ಪಿತಿ, ಕಿನ್ನೌರ್ ಬೆಟ್ಟಗಳ ಮೇಲೆ ಹಿಮ ಸುರಿಸುತ್ತವೆ. ಅಲ್ಲಿಯೇ ತಂಗುವ ಈ ಹಿಮ ಬೇಸಿಗೆಯಲ್ಲಿ ನಿಧಾನವಾಗಿ ಕರಗುತ್ತದೆ. ಮುಂಗಾರು ತಲುಪುವವರೆಗೆ ನದಿಗೆ ಅದೇ ಆಧಾರ. ಒಂದರ್ಥದಲ್ಲಿ ಅದು ಕಟ್ಟೆಯಿಲ್ಲದ ಜಲಾಶಯ.

ತಾಪಮಾನ ಏರಿದಂತೆ ಈ ವ್ಯವಸ್ಥೆ ಏರುಪೇರಾಗುತ್ತದೆ. ಹಿಮವಾಗಿ ಬೀಳಬೇಕಾದುದರಲ್ಲಿ ಒಂದು ಪಾಲು ಮಳೆಯಾಗಿ ಸುರಿದು ಕೂಡಲೇ ಹರಿದುಹೋಗುತ್ತದೆ. ಉಳಿದ ಹಿಮವೂ ಬೇಗ ಕರಗುತ್ತದೆ. ಬಿಳಿ ಹೊದಿಕೆ ಸರಿದಾಗ ತೆರೆದುಕೊಳ್ಳುವ ನೆಲ ಬಿಸಿಲನ್ನು ಹೆಚ್ಚು ಹೀರಿ ಸುತ್ತಲಿನ ಹಿಮವನ್ನೂ ಕರಗಿಸುತ್ತದೆ. ಪರಿಣಾಮವಾಗಿ, ವರ್ಷದ ಒಟ್ಟು ನೀರು ಅಷ್ಟೇ ಇದ್ದರೂ ಬೇಕಾದ ಹೊತ್ತಿಗೆ ದೊರೆಯದು.

2025ರ ಚಳಿಗಾಲದಲ್ಲಿ ಹಿಂದೂಕುಶ್-ಹಿಮಾಲಯ ವಲಯದಲ್ಲಿ ಹಿಮ ನೆಲದ ಮೇಲೆ ಉಳಿದ ಅವಧಿ ವಾಡಿಕೆಗಿಂತ ಶೇ. 23.6ರಷ್ಟು ಕಡಿಮೆಯಾಗಿತ್ತು. ಇದು 23 ವರ್ಷಗಳಲ್ಲೇ ಕನಿಷ್ಠ ಎಂದು ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್ ವರದಿ ಮಾಡಿತು. ಸತತ ಮೂರನೇ ವರ್ಷದ ಕೊರತೆಯಿದು.

ಹಿಮನದಿಗಳು ಹೆಚ್ಚು ಕರಗಿ ಕೆಲಕಾಲ ಈ ಕೊರತೆಯನ್ನು ಮರೆಮಾಚಬಹುದು. ಆದರೆ ಅದು ಬಡ್ಡಿ ಸಾಲದೆ ಅಸಲಿಗೇ ಕೈಹಾಕಿದಂತೆ. ಅಸಲು ಕರಗಿದ ಮೇಲೆ ಬೇಸಿಗೆಯ ಹರಿವು ಕುಗ್ಗುವುದು ನಿಶ್ಚಿತ. ಜಲಾಶಯದ ನೀರನ್ನು ಯಾವಾಗ ಹಿಡಿದಿಡಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ಹಳೆಯ ಲೆಕ್ಕಾಚಾರ ಇನ್ನು ಸಾಲದು.